ಎಲ್ಲ ಬ್ರಾಂಚಿಗೂ ಒಂದೇ ಮ್ಯಾನ್‌ಹೋಲ್: ಎಂಜಿನಿಯರಿಂಗ್ ಕಾರ್ಯಾಗಾರ ಹೀಗೂ ಮಾಡಬಹುದು

ನಮ್ಮ ಕಾಲೇಜುಗಳಲ್ಲಿ ‘ಎಲ್ಲ ಬ್ರಾಂಚಿನವರಿಗೂ ಕಾರ್ಯಾಗಾರ’ ಅಂದ್ರೆ ಸಾಮಾನ್ಯವಾಗಿ ಒಂದು ಕೋಡಿಂಗ್ ಕ್ಲಾಸು. ಕಂಪ್ಯೂಟರ್ ಸೈನ್ಸ್‌ನವರಿಗೆ ಅದು ಗೊತ್ತಿದ್ದದ್ದೇ, ಸಿವಿಲ್‌ನವರಿಗೆ ಸಂಬಂಧವೇ ಇಲ್ಲದ್ದು. ಊಟದ ಹೊತ್ತಿಗೆ ಅರ್ಧ ಹಾಲ್ ಖಾಲಿ. ನನ್ನ ಪ್ರಕಾರ ಮೊದಲು ಆರಿಸಬೇಕಾದದ್ದು ತಂತ್ರಜ್ಞಾನವನ್ನಲ್ಲ, ಯಾವ ಒಂದು ಬ್ರಾಂಚಿಗೂ ಒಂಟಿಯಾಗಿ ಬಗೆಹರಿಯದ ಸಮಸ್ಯೆಯನ್ನು.

ನನ್ನ ಆಯ್ಕೆ ಇದು: ಮನುಷ್ಯ ಒಳಗೆ ಇಳಿಯದೆ ಒಳಚರಂಡಿ ಸ್ವಚ್ಛ ಮಾಡುವುದು ಹೇಗೆ? ಒಳಚರಂಡಿಯ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆದರೂ ಸಾವು ನಿಂತಿಲ್ಲ.

ಇಲ್ಲಿ ಎಲ್ಲರಿಗೂ ಕೆಲಸವಿದೆ. ಪೈಪಿನ ಇಳಿಜಾರು ಸರಿಯಿಲ್ಲದೆ ಹೂಳು ಕಟ್ಟಿಕೊಳ್ಳುವುದು ಸಿವಿಲ್ ಪ್ರಶ್ನೆ. ಅದನ್ನು ಮೇಲಿನಿಂದಲೇ ಎತ್ತುವುದು ಮೆಕ್ಯಾನಿಕಲ್. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ, ಆದರೆ ಪ್ರಮಾಣ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ಅದು ಯಾಕೆ ಹುಟ್ಟುತ್ತದೆ ಅನ್ನೋದು ಕೆಮಿಕಲ್, ಅದನ್ನು ಅಳೆಯುವ ಸೆನ್ಸರ್ ಎಲೆಕ್ಟ್ರಾನಿಕ್ಸ್. ಎಲ್ಲಿ ಪದೇ ಪದೇ ಕಟ್ಟಿಕೊಳ್ಳುತ್ತದೆ ಅನ್ನೋ ನಕ್ಷೆ ಕಂಪ್ಯೂಟರ್ ಸೈನ್ಸ್.

ಒಂದು ದಿನದ ಯೋಜನೆ ಹೀಗಿರಲಿ. ಬೆಳಗ್ಗೆ ಮೊದಲ ಗಂಟೆ ಒಳಚರಂಡಿ ಕಾರ್ಮಿಕರದ್ದು. ಅವರನ್ನು ಅತಿಥಿ ಉಪನ್ಯಾಸಕರೆಂದೇ ಕರೆಯಿರಿ, ಗೌರವಧನ ಕೊಡಿ. ಆಮೇಲೆ ಐದೈದು ಜನರ ಗುಂಪು, ಒಂದು ಬ್ರಾಂಚಿನಿಂದ ಒಬ್ಬರೇ. ಸ್ನೇಹಿತರೆಲ್ಲ ಒಂದೇ ಕಡೆ ಸೇರಿದರೆ ಉದ್ದೇಶವೇ ಹಾಳು. ನಿಜವಾದ ಮ್ಯಾನ್‌ಹೋಲ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ. ಡ್ರಮ್ಮು, ಪಿವಿಸಿ ಪೈಪು, ಮರಳು, ಹಳೇ ಬಟ್ಟೆ ಸಾಕು. ಪೈಪಿನಲ್ಲಿ ಕಟ್ಟಿದ್ದನ್ನು ಕೈ ಹಾಕದೆ ಬಿಡಿಸಬೇಕು, ಅದೇ ಸವಾಲು. ಕಾರ್ಮಿಕರೇ ತೀರ್ಪುಗಾರರು. ಯಾವುದು ಬೀದಿಯಲ್ಲಿ ನಡೆಯುತ್ತದೆ, ಯಾವುದು ಬರೀ ಶೋಕಿ ಅಂತ ಅವರಿಗೆ ಗೊತ್ತು.

ಕೊನೆಯ ಗಂಟೆಯನ್ನು ಮಾತ್ರ ಬಿಡಬೇಡಿ. ಮ್ಯಾನ್‌ಹೋಲ್ ಸ್ವಚ್ಛ ಮಾಡುವ ಬ್ಯಾಂಡಿಕೂಟ್ ರೋಬೋ 2018ರಲ್ಲೇ ಕೇರಳದಲ್ಲಿ ಬಂದಿದೆ. ಜೆಟ್ಟಿಂಗ್, ಸಕ್ಕಿಂಗ್ ಯಂತ್ರಗಳು ಅದಕ್ಕಿಂತ ಹಳೆಯವು. ಯಂತ್ರ ಇದ್ದೂ ಮನುಷ್ಯನನ್ನು ಇಳಿಸುತ್ತಾರೆ ಅಂದ್ರೆ ಕೊರತೆ ಬರೀ ತಂತ್ರಜ್ಞಾನದ್ದಲ್ಲ. ಗುತ್ತಿಗೆ ಪದ್ಧತಿಯದ್ದು, ಜಾತಿಯದ್ದು. ಹಾಗಾಗಿ ಪ್ರತಿ ಗುಂಪೂ ಮಾದರಿಯ ಜೊತೆಗೆ ಒಂದು ಮಾಹಿತಿ ಹಕ್ಕು ಅರ್ಜಿಯನ್ನೂ ಬರೆಯಲಿ: ನಮ್ಮ ನಗರಸಭೆಯಲ್ಲಿ ಎಷ್ಟು ಯಂತ್ರಗಳಿವೆ, ಎಷ್ಟು ಕೆಲಸ ಮಾಡುತ್ತಿವೆ, ಇಳಿಯುವ ಕೆಲಸ ಯಾರಿಗೆ ಹೇಳುತ್ತೀರಿ? ಉತ್ತರ ಬಂದ ದಿನ ಎರಡನೇ ಕಾರ್ಯಾಗಾರ ಶುರುಮಾಡಿ.