ಇದ್ದಿಲು ತಿಂದು ಓಡಿದ ಬಸ್ಸು

ಹಳೆಯ ಬೆಂಗಳೂರಿಗರು ಇದ್ದಿಲು ಬಸ್ಸಿನ ಮಾತೆತ್ತಿದರೆ ನಗದೆ ಇರುವುದಿಲ್ಲ. ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕಿತ್ತಂತೆ. ನನಗೆ ಆ ನಗುವಿನ ಹಿಂದೆ ಬಸ್ಸಿಗಾಗಿ ದುಡಿದ ಮೈಗಳೂ ಉರಿದ ಮರಗಳೂ ಕಾಣುತ್ತವೆ.

1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಊರಿನ ಪೂರ್ವಕ್ಕೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಬ್ರಿಟಿಷರ ಆಡಳಿತದಲ್ಲಿದ್ದ ದಂಡು ಪ್ರದೇಶ, ಅಂದರೆ ಇಂದಿನ ಶಿವಾಜಿನಗರ, ಹಲಸೂರಿನ ಸೀಮೆ, ಯುದ್ಧದ ಗಡಿಬಿಡಿಯಲ್ಲಿತ್ತು. ಓಡಾಡುವ ಜನ ಹೆಚ್ಚಿದ ಹೊತ್ತಿಗೇ ಪೆಟ್ರೋಲು ಕೂಪನ್ನಿಗೆ ಬಂತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಹಿಮ್ಮೆಟ್ಟುತ್ತಿದ್ದ ಬ್ರಿಟಿಷರು ಏಪ್ರಿಲಿನಲ್ಲಿ ಯೆನಾಂಗ್ಯಾಂಗಿನ ಎಣ್ಣೆಬಾವಿಗಳನ್ನು ತಾವೇ ಹಾಳುಗೆಡವಿದರು. ಇದ್ದ ಎಣ್ಣೆ ಮೊದಲು ಸೈನ್ಯಕ್ಕೆ. ಮೈಸೂರು ಸೀಮೆಯ ಬಸ್ಸುಗಳ ಬೆನ್ನಿಗೆ ಕಬ್ಬಿಣದ ಉದ್ದನೆಯ ಪೀಪಾಯಿ ಬಂತು.

ಅದರೊಳಗೆ ಇದ್ದಿಲು ತುಂಬಿ ಕೆಂಡ ಮಾಡಿ, ಗಾಳಿಯನ್ನು ಹಿಡಿತದಲ್ಲಿ ಬಿಡುತ್ತಿದ್ದರು. ಗಾಳಿ ಸಾಲದ ಕೆಂಡದಿಂದ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಕೊಡಬೇಕು. ಈ ಅನಿಲದ ಅರ್ಧದಷ್ಟು ಉರಿಯದ ನೈಟ್ರೋಜನ್. ಹಾಗಾಗಿ ಎಂಜಿನ್ನಿನ ಕಸುವು ಮೂರರಲ್ಲೊಂದು ಪಾಲಿಗೂ ಹೆಚ್ಚು ಕುಗ್ಗುತ್ತಿತ್ತು. ದಿಣ್ಣೆಯಲ್ಲಿ ಬಸ್ಸು ನಿಲ್ಲುತ್ತಿದ್ದುದು ಇದಕ್ಕೇ. ಹೊರಡುವ ಮುಂಚೆ ಹಿಡಿಕೆ ತಿರುವಿ ಗಾಳಿ ಹಾಕಬೇಕು, ಬೂದಿ ಕೆದಕಬೇಕು. ಬಣ್ಣವೂ ವಾಸನೆಯೂ ಇಲ್ಲದ ಆ ವಿಷದ ಪಕ್ಕದಲ್ಲೇ ಈ ಕೆಲಸವೆಲ್ಲ.

ಇದ್ದಿಲು ಎಲ್ಲಿಂದ? ನಮ್ಮ ನಾಡಿಗೆ ಅದು ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕುಲುಮೆ 1923ರಿಂದಲೇ ಮಲೆನಾಡಿನ ಮರದ ಇದ್ದಿಲಿನಿಂದ ಉರಿಯುತ್ತಿತ್ತು. ಹಳೆಯ ಗೂಡುಗಳಲ್ಲಿ ಒಂದು ಮಣ ಇದ್ದಿಲಿಗೆ ನಾಲ್ಕೈದು ಮಣ ಸೌದೆ ಬೇಕು. ಪೆಟ್ರೋಲು ಉಳಿಸಿದ ಲೆಕ್ಕವನ್ನು ಪೇಟೆ ಬರೆದುಕೊಂಡಿತು, ಕಡಿದ ಮರದ ಲೆಕ್ಕ ಕಾಡಿಗೇ ಉಳಿಯಿತು.

ಯುದ್ಧ ಮುಗಿದು ಪೆಟ್ರೋಲು ಮರಳಿದ ಮೇಲೆ ಪೀಪಾಯಿಗಳು ಗುಜರಿ ಸೇರಿದವು. ಆದರೆ ವಿದ್ಯೆ ಸಾಯಲಿಲ್ಲ. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಕೊಟ್ಟರು. ಆಮೇಲೆ ಕುಡಿಯುವ ನೀರು, ಹಿಟ್ಟಿನ ಗಿರಣಿಯೂ ಬಂದವು. ಸೌದೆಗೆಂದೇ ಊರ ಬಳಿ ತೋಪು ಬೆಳೆಸಿದರು.

ಬಸ್ಸಿಗೂ ಹೊಸಹಳ್ಳಿಗೂ ಇರುವ ವ್ಯತ್ಯಾಸ ಆ ತೋಪು. ಹೊಸ ಇಂಧನದ ಹೊಗಳಿಕೆ ಕೇಳಿದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದಕ್ಕೆ ಗಿಡ ನೆಟ್ಟವರು ಯಾರು, ಬೂದಿ ಬಾಚುವವರು ಯಾರು?