ಮುಟ್ಟಿದರೆ ಏನು ಹೋಗಬೇಕು?

ಶನಿವಾರ ರಾತ್ರಿ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಅದರೊಳಗೆ ಒಂದೊಂದು ಪಾತ್ರ ಆಗ್ತಾರೆ, ಆಗುತ್ತೋ ಇಲ್ಲವೋ ಅನ್ನೋ ಅನುಮಾನ ಬಂದಲ್ಲಿ ದಾಳ ತೀರ್ಮಾನ ಮಾಡುತ್ತೆ. ನಮ್ಮಲ್ಲಿ ಕಥೆ ನಡೆಸೋನು ನಾನು. ರಾಕ್ಷಸರೂ ನಾನೇ.

ಎರಡು ವರ್ಷದ ಹಿಂದೆ, ಆಟ ಹುಟ್ಟಿದ ಕಾಲದ ನಿಯಮಗಳಲ್ಲೇ ಆಡೋಣ ಅಂತ ನಾನು ಹಟ ಹಿಡಿದೆ. ಒಂದು ಗೋರಿಯೊಳಗೆ ವೈಟ್ ಇಟ್ಟಿದ್ದೆ. ವೈಟ್ ಅಂದ್ರೆ ಇಲ್ಲಿ ಬಿಳಿ ಅಲ್ಲ, ಗೋರಿ ಕಾಯುವ ಜೀವಂತ ಹೆಣ. ಅದು ನಮ್ಮ ಗೆಳತಿಯೊಬ್ಬಳ ಯೋಧೆಗೆ ಎರಡು ಸಲ ಹೊಡೀತು. ಹಳೇ ನಿಯಮದಲ್ಲಿ ಒಂದೊಂದು ಹೊಡೆತಕ್ಕೂ ಒಂದೊಂದು ಲೆವೆಲ್ ಕಟ್. ತಪ್ಪಿಸಿಕೊಳ್ಳೋಕೆ ದಾಳ ಹಾಕುವ ಅವಕಾಶವೂ ಇಲ್ಲ. ತಿಂಗಳುಗಟ್ಟಲೆ ಆಡಿ ಗಳಿಸಿದ್ದು ಎರಡು ನಿಮಿಷದಲ್ಲಿ ಹೋಯ್ತು. ಅವಳು ರಬ್ಬರ್ ತಗೊಂಡು ಹಾಳೆಯ ಮೇಲಿನ ಅಂಕಿಗಳನ್ನು ಅಳಿಸಿದಳು. ಏನೂ ಮಾತಾಡಲಿಲ್ಲ. ಮುಂದಿನ ಶನಿವಾರ ಬರಲಿಲ್ಲ.

ಇಂಥ ನಿಯಮವನ್ನ ಯಾಕೆ ಬರೆದರು ಅಂತ ಹುಡುಕಿಕೊಂಡು ಹೊರಟೆ.

ಆಟ ಪ್ರಕಟವಾಗಿದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಸಣ್ಣ ಊರಿಂದ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳ್ಕೊಂಡು ಚಪ್ಪಲಿ ಬೂಟು ರಿಪೇರಿ ಮಾಡಿ ಬದುಕಿದವರು. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಅದಕ್ಕೂ ಮುಂಚೆ, 1971ರಲ್ಲಿ, ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಸೇರಿ ಚೈನ್‌ಮೇಲ್ ಎಂಬ ಯುದ್ಧದಾಟ ತಂದಿದ್ದರು. ಅದು ಆಟಿಕೆ ಸೈನಿಕರ ಆಟ. ಸಾಮಾನ್ಯ ಸೈನಿಕನಿಗೆ ಏಟು ಬಿತ್ತು ಅಂದ್ರೆ ಸತ್ತ, ಗೊಂಬೆ ತೆಗೆದು ಪಕ್ಕಕ್ಕಿಡೋದು. ಅಳೋರು ಯಾರೂ ಇರಲಿಲ್ಲ, ಯಾಕಂದ್ರೆ ಗೊಂಬೆಗೆ ಹೆಸರೇ ಇರಲಿಲ್ಲ.

ಆರ್ನೆಸನ್ ತಮ್ಮ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪಾತ್ರ ಕೊಟ್ಟರು. ಆಗ ತೊಂದರೆ ಶುರುವಾಯ್ತು. ಹೆಸರಿಟ್ಟು ಬೆಳೆಸಿದ ವೀರ ಒಂದೇ ಏಟಿಗೆ ಸಾಯೋದು ಯಾರಿಗೂ ಇಷ್ಟ ಆಗಲಿಲ್ಲ. ಆರ್ನೆಸನ್ ಪರಿಹಾರ ತಂದಿದ್ದು ಹಡಗುಗಳಿಂದ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಹಡಗುಗಳ ಕಾದಾಟಕ್ಕೆ ಅವರು ಮುಂಚೆ ಬರೆದಿದ್ದ ನಿಯಮಗಳನ್ನೇ ಇಲ್ಲಿಗೂ ಬಳಸಿದರು. ಹಡಗು ಒಂದೇ ಗುಂಡಿಗೆ ಮುಳುಗಲ್ಲ, ಏಟು ತಿಂತಾ ತಿಂತಾ ಮುಳುಗುತ್ತೆ. ಹಾಗೆ ಮನುಷ್ಯನಿಗೂ ಹಿಟ್ ಪಾಯಿಂಟ್ ಬಂತು. ಇವತ್ತು ನಾವು ಮೊಬೈಲ್ ಗೇಮ್‌ನಲ್ಲಿ ನೋಡೋ ಕೆಂಪು ಹೆಲ್ತ್ ಬಾರ್ ಆ ಲೆಕ್ಕದ ವಂಶದ್ದೇ.

1974ರ ಪುಸ್ತಕದಲ್ಲಿ ಕತ್ತಿ ಇರಲಿ ಉಗುರಿರಲಿ, ಏಟಿನ ನೋವು ಸಾಮಾನ್ಯವಾಗಿ ಆರು ಮುಖದ ಒಂದು ದಾಳದಷ್ಟು. 1975ರ ಗ್ರೇಹಾಕ್ ಪುರವಣಿಯಲ್ಲಿ ಒಂದೊಂದು ಆಯುಧಕ್ಕೂ ಒಂದೊಂದು ಪ್ರಾಣಿಗೂ ಬೇರೆ ಬೇರೆ ಏಟು ಬಂತು. ಗೂಬೆಯ ತಲೆ, ಕರಡಿಯ ಮೈ ಇರೋ ಔಲ್‌ಬೇರ್ ನೋಡಿ. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್ ಪ್ರಕಾರ ಎರಡು ಪಂಜ, ಒಂದು ಕೊಕ್ಕು. ಇಪ್ಪತ್ತು ಮುಖದ ದಾಳದಲ್ಲಿ ಪಂಜಕ್ಕೆ 18 ಅಥವಾ ಹೆಚ್ಚು ಬಿದ್ದರೆ ಅದು ನಿಮ್ಮನ್ನ ತಬ್ಬಿ ಹಿಂಡುತ್ತೆ. ಓದಿದ ತಕ್ಷಣ ಪ್ರಾಣಿ ಕಣ್ಣಿಗೆ ಕಟ್ಟುತ್ತಲ್ವಾ?

ಅದೇ ಗ್ರೇಹಾಕ್‌ನಲ್ಲಿ ನನಗೆ ತುಂಬಾ ಇಷ್ಟವಾದ ಪ್ರಾಣಿ ಇದೆ, ರಸ್ಟ್ ಮಾನ್‌ಸ್ಟರ್. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೊಟ್ಟಣದಲ್ಲಿ ಗೈಗ್ಯಾಕ್ಸ್‌ಗೆ ಸಿಕ್ಕಿದ ವಿಚಿತ್ರ ಗೊಂಬೆಯೊಂದರಿಂದ ಹುಟ್ಟಿದ್ದು. ಅದರ ಮೀಸೆ ತಾಗಿದ ಕಬ್ಬಿಣ ತುಕ್ಕು ಹಿಡಿದು ಉದುರುತ್ತೆ. ಅದು ದಾಳಿ ಮಾಡೋದು ಮನುಷ್ಯನ ಮೇಲಲ್ಲ, ಅವನ ಆಸ್ತಿ ಮೇಲೆ. ಯಾರಿಗೂ ಹೆದರದ ಯೋಧ ಅದನ್ನ ಕಂಡ್ರೆ ಓಡ್ತಾನೆ. ಬಟ್ಟೆ ಸುತ್ತಿಕೊಂಡ ಮಾಂತ್ರಿಕ ನಗ್ತಾ ನಿಲ್ತಾನೆ.

ಈಗ ನನಗೆ ವೈಟ್ ಅರ್ಥವಾಗತೊಡಗಿತು. ಹಿಟ್ ಪಾಯಿಂಟ್ ಬೆಳೀತಾ ಹೋದ ಹಾಗೆ ಅನುಭವಸ್ಥ ಯೋಧನಿಗೆ ಏಟಿನ ಭಯ ಹೋಗುತ್ತೆ. ಅವನನ್ನ ಹೆದರಿಸೋಕೆ ಹಿಟ್ ಪಾಯಿಂಟನ್ನೇ ದಾಟಿ ಹೋಗುವ ದಾಳಿ ಬೇಕು. ಮುಟ್ಟಿದರೆ ತುಕ್ಕು, ನೋಡಿದರೆ ಕಲ್ಲು, ಹೊಡೆದರೆ ಲೆವೆಲ್ ಮಾಯ.

ಆಮೇಲಿನ ಚರಿತ್ರೆ ಈ ಕ್ರೌರ್ಯ ಕರಗುತ್ತಾ ಹೋದ ಚರಿತ್ರೆ. 2000ದ ಮೂರನೇ ಆವೃತ್ತಿಯಲ್ಲಿ ಲೆವೆಲ್ ತಕ್ಷಣ ಹೋಗಲ್ಲ. ಒಂದು ದಿನದ ನಂತರ ದಾಳ ಹಾಕಿ ಉಳಿಸಿಕೊಳ್ಳಬಹುದು. 2008ರ ನಾಲ್ಕನೆಯದರಲ್ಲಿ ಲೆವೆಲ್ ಕಳೆಯುವ ನಿಯಮವೇ ಇಲ್ಲ. 2014ರ ಐದನೆಯದರಲ್ಲಿ ವೈಟ್ ನಿಮ್ಮ ಗರಿಷ್ಠ ಹಿಟ್ ಪಾಯಿಂಟ್ ಕಡಿಮೆ ಮಾಡುತ್ತೆ, ಅದೂ ದಾಳ ಕೈಕೊಟ್ಟರೆ ಮಾತ್ರ. ಒಂದು ದೀರ್ಘ ನಿದ್ದೆ ಮಾಡಿ ಎದ್ದರೆ ಎಲ್ಲ ಸರಿ. ಬ್ಯಾಸಿಲಿಸ್ಕ್ ಕಣ್ಣಿಗೆ ಬಿದ್ದವನೂ ಒಮ್ಮೆಲೇ ಕಲ್ಲಾಗಲ್ಲ. ಮೊದಲು ಮೈ ಬಿಗಿಯುತ್ತೆ, ಮುಂದಿನ ಸರದಿಯ ಕೊನೆಗೆ ಇನ್ನೊಂದು ದಾಳ.

ಹೊಸದು ಒಳ್ಳೇದು, ಹಳೇದು ಕೆಟ್ಟದ್ದು ಅಂತ ಮುಗಿಸಬಹುದಿತ್ತು. ಆದ್ರೆ ನನಗೆ ಊರಿನ ಜಗಲಿ ನೆನಪಾಯ್ತು. ಹುಣಸೆ ಬೀಜ ಉಜ್ಜಿ ಅಜ್ಜಿ ಜೊತೆ ಚೌಕಾಬಾರ ಆಡ್ತಿದ್ದೆವು. ಹಣ್ಣಾಗೋಕೆ ಎರಡೇ ಮನೆ ಇದ್ದಾಗ ಅಜ್ಜಿ ಕಾಯಿ ಕಡಿದರೆ ಮತ್ತೆ ಮೊದಲಿಂದ. ಇದೂ ಲೆವೆಲ್ ಕಳೆಯೋದೇ. ತಂಗಿ ಅತ್ತಿದ್ದಾಳೆ, ನಾನು ಬೀಜ ಎಸೆದು ಎದ್ದುಹೋಗಿದ್ದೇನೆ. ಆದ್ರೂ ಮರುದಿನ ಮತ್ತೆ ಕೂತಿದ್ದೇವೆ. ಯಾಕಂದ್ರೆ ಅಜ್ಜಿಯ ಕಾಯಿ ಎಷ್ಟು ಹಿಂದಿದೆ ಅಂತ ಮಣೆ ಮೇಲೇ ಕಾಣ್ತಿತ್ತು. ಮೂರು ಬಿದ್ರೆ ಕಡೀತಾಳೆ ಅಂತ ಗೊತ್ತಿತ್ತು. ಅಡ್ಡಗೀಟು ಹಾಕಿದ ಮನೆಯಲ್ಲಿ ಕೂತರೆ ಭಯವಿಲ್ಲ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಹೋಗಿದ್ದು ನಾವು.

ನನ್ನ ತಪ್ಪು ಅಲ್ಲಿತ್ತು. ವೈಟ್ ಏನು ಮಾಡುತ್ತೆ ಅಂತ ನನಗೊಬ್ಬನಿಗೇ ಗೊತ್ತಿತ್ತು. ಬ್ಯಾಕಪ್ ಇಲ್ಲ ಅಂತ ಹೇಳದೆ ಡೇಟಾ ಅಳಿಸುವ ಬಟನ್ ಒತ್ತಿಸಿದ ಹಾಗೆ.

ಗೆಳತಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. "ಲೆವೆಲ್ ವಾಪಸ್ ಬೇಡ ಕಣೋ. ಮುಂಚೆ ಒಂದು ಸುಳಿವು ಕೊಟ್ಟಿದ್ರೆ ಸಾಕಿತ್ತು, ಆಮೇಲೂ ಹೋಗಿದ್ರೆ ಅದು ನನ್ನ ಕರ್ಮ" ಅಂದಳು.

ಮುಂದಿನ ಗೋರಿಯ ದಾರಿಯಲ್ಲಿ ಒಂದು ಹಳ್ಳಿ ಇಟ್ಟೆ. ಅಲ್ಲಿ ಒಬ್ಬ ಮುದುಕ ಸೈನಿಕ. ಮೈತುಂಬ ಗಾಯದ ಗುರುತು, ಆದ್ರೆ ಕತ್ತಿ ಹಿಡಿಯೋದು ಹೇಗೆ ಅಂತಲೇ ಮರೆತುಹೋಗಿದೆ. ಅವಳ ಯೋಧೆ ಬಹಳ ಹೊತ್ತು ಅವನ ಪಕ್ಕ ಕೂತಿದ್ದಳು. ವೈಟ್‌ನ ನಿಯಮದಲ್ಲಿ ನಾನು ಒಂದಕ್ಷರವೂ ಬದಲಿಸಿರಲಿಲ್ಲ. ಆಮೇಲೆ ಅವಳು ಎದ್ದು, ಗೋರಿಯ ಕಡೆಗೇ ಹೊರಟಳು.