ವಿಕಲಚೇತನರ ನೆರವು: ಕಾಯ್ದೆಯ ಮಾತು, ಬಜೆಟ್ಟಿನ ಲೆಕ್ಕ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ದೇಶದಲ್ಲಿ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಕಾಯ್ದೆಯಲ್ಲಿ 7 ಇದ್ದ ವೈಕಲ್ಯಗಳ ಪಟ್ಟಿ ಇದರಲ್ಲಿ 21ಕ್ಕೆ ಏರಿತು. ಹಣಕಾಸಿನ ದೃಷ್ಟಿಯಿಂದ ಮೂರು ಕಲಮುಗಳು ಮುಖ್ಯ.

ಕಲಂ 24: ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ವಿಕಲಚೇತನರಿಗೆ ನೀಡುವ ನೆರವು, ಅಂಥದೇ ಯೋಜನೆಯಲ್ಲಿ ಇತರರಿಗೆ ದೊರೆಯುವ ಮೊತ್ತಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು.

ಕಲಂ 37: ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಬಡತನ ನಿವಾರಣೆ ಹಾಗೂ ಅಭಿವೃದ್ಧಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲು, ಮಹಿಳೆಯರಿಗೆ ಆದ್ಯತೆ.

ಕಲಂ 38: ದೈನಂದಿನ ಬದುಕಿಗೆ ಹೆಚ್ಚಿನ ಆಸರೆ ಬೇಕಾದವರು ಅಥವಾ ಅವರ ಪರವಾಗಿ ಬೇರೆಯವರು ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಆಸರೆಯ ಅಗತ್ಯವನ್ನೂ ಸ್ವರೂಪವನ್ನೂ ಮೌಲ್ಯಮಾಪನ ಮಂಡಳಿ ಪರಿಶೀಲಿಸಿ ವರದಿ ನೀಡುತ್ತದೆ.

ತೊಡಕು ಇರುವುದು ಷರತ್ತುಗಳಲ್ಲಿ. ಕಲಂ 24ರ ಹೊಣೆ ಸರ್ಕಾರದ 'ಆರ್ಥಿಕ ಸಾಮರ್ಥ್ಯದ ಮಿತಿ'ಗೆ ಒಳಪಟ್ಟಿದೆ. ಕಲಂ 38ರ ಆಸರೆ, ಸಂಬಂಧಿಸಿದ ಯೋಜನೆ ಮತ್ತು ಆದೇಶಗಳಿಗೆ. ಬಜೆಟ್ಟಿನಲ್ಲಿ ಹಣ ತೆಗೆದಿರಿಸದಿದ್ದರೆ ಮಂಡಳಿಯ ವರದಿ ಕಡತದಲ್ಲೇ ಉಳಿಯುತ್ತದೆ.

ಅಂದಾಜಿಗೆ ಬೇಕಾದ ಎಣಿಕೆಯೂ ಹಳೆಯದು. 2011ರ ಜನಗಣತಿಯಂತೆ ವಿಕಲಚೇತನರ ಸಂಖ್ಯೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ಅದು 21 ವೈಕಲ್ಯಗಳ ಪಟ್ಟಿಗೆ ಮುಂಚಿನ ಲೆಕ್ಕ; ಥಲಸ್ಸೀಮಿಯಾ, ಪಾರ್ಕಿನ್ಸನ್ ಬಾಧಿತರನ್ನು ಅಲ್ಲಿ ಪ್ರತ್ಯೇಕವಾಗಿ ಎಣಿಸಿಲ್ಲ. ಎಣಿಕೆಯಲ್ಲಿ ಕಾಣದವರಿಗೆ ಅನುದಾನದಲ್ಲಿ ಪಾಲು ಸಿಗುವುದು ಕಷ್ಟ.